ಅಂತಿಯೋಕ್ಯದ ದೊರೊಥೆಯುಸ್: ಹುಟ್ಟಿನ ಕೊರತೆ ಮತ್ತು ಧರ್ಮಸಭೆಯಲ್ಲಿನ ಸ್ಥಾನ

ಮೂತ್ರಾಂಗ, ಜನನಾಂಗಗಳ ರಚನೆಯಲ್ಲಿ ಕೊರತೆಯೊಡನೆ ಹುಟ್ಟುವ ಮಕ್ಕಳು ಎಲ್ಲ ಕಾಲದಲ್ಲಿಯೂ ಇದ್ದರು. ಇಂದಿನ ಶಸ್ತ್ರಚಿಕಿತ್ಸೆ ಅವರಲ್ಲಿ ಅನೇಕರ ದೇಹಬಾಧೆಯನ್ನು ತಗ್ಗಿಸಿದೆ. ಆದರೆ ಬದುಕು ಹಸನಾಗಲು ದೇಹಸ್ವಾಸ್ಥ್ಯವೊಂದೇ ಸಾಲದು. ಸಮುದಾಯದಲ್ಲಿ ಸ್ಥಾನವೂ ಬೇಕು. ಆ ಸ್ಥಾನವನ್ನು ಧರ್ಮಸಭೆ ಹೇಗೆ ಕಂಡಿತೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜನನಾಂಗಕ್ಕೆ ಘಾಸಿಯಾದವನಿಗೆ ಧರ್ಮೋಪದೇಶಕಾಂಡ (23:1) ಸಭಾಪ್ರವೇಶವನ್ನು ನಿರಾಕರಿಸುತ್ತದೆ. ಅಂಗದೋಷವುಳ್ಳ ಆರೋನವಂಶಜನನ್ನು ಯಾಜಕಕಾಂಡ (21:17-23) ಬಲಿಪೀಠದಿಂದ ದೂರವಿಡುತ್ತದೆ. ಆದರೂ ಪವಿತ್ರ ಆಹಾರದಲ್ಲಿ ಅವನಿಗೆ ಪಾಲುಂಟು. ಯೆಶಾಯನ ಗ್ರಂಥ (56:3-5) ಇನ್ನೂ ಮುಂದೆ ಹೋಗಿ, ನಪುಂಸಕರಿಗೆ ದೇವಾಲಯದೊಳಗೇ ಶಾಶ್ವತ ಹೆಸರನ್ನು ವಾಗ್ದಾನ ಮಾಡುತ್ತದೆ. ತಾಯಿಯ ಗರ್ಭದಿಂದಲೇ ಹಾಗೆ ಹುಟ್ಟಿದವರನ್ನು ಪ್ರಭು ಯೇಸು ನಿಂದೆಯಿಲ್ಲದೆ ಹೆಸರಿಸುತ್ತಾರೆ (ಮತ್ತಾಯ 19:12).

ಅಂಥ ಒಬ್ಬರ ಜೀವನಚಿತ್ರ ನಮಗೆ ಲಭ್ಯವಿದೆ. ಯೂಸೇಬಿಯಸ್ ತಮ್ಮ ಧರ್ಮಸಭಾ ಚರಿತ್ರೆಯ ಏಳನೆಯ ಪುಸ್ತಕದಲ್ಲಿ ಅಂತಿಯೋಕ್ಯದ ಗುರು ದೊರೊಥೆಯುಸರನ್ನು ಪರಿಚಯಿಸುತ್ತಾರೆ. ಅವರು ಹುಟ್ಟಿನಿಂದಲೇ ನಪುಂಸಕರು. ಹಿಬ್ರೂ ಕಲಿತು ಪವಿತ್ರ ಗ್ರಂಥವನ್ನು ಮೂಲದಲ್ಲಿಯೇ ಓದಬಲ್ಲವರಾಗಿದ್ದರು. ಗ್ರೀಕ್ ವಿದ್ಯೆಯೂ ಅವರಿಗಿತ್ತು. ಚಕ್ರವರ್ತಿ ಅವರನ್ನು ಗೌರವಿಸಿ ತೂರ್ ಪಟ್ಟಣದ ಧೂಮ್ರವರ್ಣದ ಬಣ್ಣಗಾರಿಕೆಯ ಮೇಲ್ವಿಚಾರಣೆಯನ್ನು ಒಪ್ಪಿಸಿದರು. ಅವರು ದೇವಾಲಯದಲ್ಲಿ ಪವಿತ್ರ ಗ್ರಂಥವನ್ನು ವಿವರಿಸಿದ್ದನ್ನು ಸ್ವತಃ ಕೇಳಿದ್ದಾಗಿ ಯೂಸೇಬಿಯಸ್ ಹೇಳುತ್ತಾರೆ. ವಿದ್ಯೆ, ಉದ್ಯೋಗ, ಯಾಜಕತ್ವ, ಕೇಳುವ ಸಭೆ: ದೊರೊಥೆಯುಸರಿಗೆ ಇವೆಲ್ಲವೂ ದೊರೆತಿದ್ದವು. ಅವರ ಕೊರತೆಯನ್ನು ಚರಿತ್ರೆಕಾರರು ಮರೆಮಾಚಲಿಲ್ಲ. ಅದನ್ನೇ ಅವರ ಪೂರ್ಣ ಪರಿಚಯವಾಗಿಸಲೂ ಇಲ್ಲ.

ಕಾನೂನೂ ಇದೇ ಹಾದಿ ಹಿಡಿಯಿತು. 325ರ ನಿಸೆಯ ಮಹಾಸಭೆಯ ಮೊದಲ ನಿಯಮ, ವೈದ್ಯರಿಂದಲೋ ಶತ್ರುಗಳಿಂದಲೋ ಅಂಗ ಕಳೆದುಕೊಂಡವರು ಯಾಜಕವರ್ಗದಲ್ಲಿ ಉಳಿಯಬಹುದೆಂದಿತು. ತನ್ನನ್ನು ತಾನೇ ಛೇದಿಸಿಕೊಂಡ ಆರೋಗ್ಯವಂತನನ್ನು ಮಾತ್ರ ತಡೆಯಿತು. ಅದೇ ಶತಮಾನದ ಕೊನೆಗೆ ಸಿರಿಯದಲ್ಲಿ ಸಂಗ್ರಹಗೊಂಡ ಪ್ರೇಷಿತರ ನಿಯಮಗಳು, ಹಾಗೆ ಹುಟ್ಟಿದವನು ಯೋಗ್ಯನಾದರೆ ಧರ್ಮಾಧ್ಯಕ್ಷನೂ ಆಗಬಹುದೆಂದವು. ದೋಷ ಕೃತ್ಯದಲ್ಲಿ, ದೇಹದಲ್ಲಲ್ಲ ಎಂಬುದೇ ಇವುಗಳ ತತ್ತ್ವ.

ಈ ತತ್ತ್ವ ಎಲ್ಲ ಕಾಲಕ್ಕೂ ಅಷ್ಟೇ ಸ್ಪಷ್ಟವಾಗಿ ಉಳಿಯಲಿಲ್ಲ. 1917ರ ಸಂಹಿತೆಯ 984ನೆಯ ನಿಯಮ, ಪೀಠಸೇವೆಗೆ ಅಡ್ಡಿಯಾಗುವ ದೇಹದೋಷವನ್ನು ಗುರುದೀಕ್ಷೆಗೆ ತಡೆಯೆಂದು ಎಣಿಸಿತ್ತು. 1983ರ ಸಂಹಿತೆ ಆ ತಡೆಯನ್ನು ಕೈಬಿಟ್ಟಿತು. ಸ್ವಯಂಛೇದನದ ತಡೆಯನ್ನು ಉಳಿಸಿಕೊಂಡಿತು. ನಿಸೆಯದ ವಿವೇಕ ಹೀಗೆ ಮರಳಿತು.

ಧರ್ಮಕೇಂದ್ರದಲ್ಲಿ ಈ ಚರಿತ್ರೆಗೆ ಉಪಯೋಗವಿದೆ. ಇಂಥ ಶಿಶುವಿನ ತಂದೆತಾಯಿ 'ಇದು ಯಾರ ಪಾಪ?' ಎಂದು ಕೇಳಿಯಾರು. ಉತ್ತರ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ (9:3). ಬೆಳೆದ ಮಗ ವಿವಾಹದ ಬಗ್ಗೆ ಕೇಳಿದರೆ, ನಾವು ಆತುರದಿಂದ 'ಆಗದು' ಎನ್ನಬಾರದು. 1084ನೆಯ ನಿಯಮದಂತೆ ಸಂತಾನಹೀನತೆ ವಿವಾಹವನ್ನು ನಿಷೇಧಿಸುವುದಿಲ್ಲ. ದಾಂಪತ್ಯ ಸಾಮರ್ಥ್ಯದ ಕುರಿತು ಸಂಶಯವಷ್ಟೇ ಇದ್ದರೂ ವಿವಾಹವನ್ನು ತಡೆಯಲಾಗದು. ಮೂತ್ರ ಸೋರುವ ಅಂಜಿಕೆಯಿಂದ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿಯೇ ಕೂರುವವರು ನಮ್ಮ ನಡುವೆಯೂ ಇದ್ದಾರು. ಅಂತಿಯೋಕ್ಯದಲ್ಲಿ ಅಂಥ ಕೊರತೆಯೊಡನೆ ಹುಟ್ಟಿದವರೊಬ್ಬರು ಪವಿತ್ರ ಗ್ರಂಥವನ್ನು ಬೋಧಿಸಿದರು. ನಮ್ಮ ದೇವಾಲಯಗಳಲ್ಲಿಯೂ ಅವರಿಗೆ ಮುಂದೆ ಬರುವ ದಾರಿ ತೆರೆದಿರಬೇಕು.