ಹಳೆ ಖಟ್ಲೆಯ ಕಾಗದ ಎಲ್ಲಿ ಇರತಾವ?

ಸೊಲ್ಲಾಪುರದಿಂದ ಪುಣೆಗೆ ಹೋಗುವ ಹುತಾತ್ಮಾ ಎಕ್ಸ್‌ಪ್ರೆಸ್ ಗಾಡಿ ನಮ್ಮ ಭಾಗದ ಎಲ್ಲರಿಗೂ ಗೊತ್ತು. ಆ ಹೆಸರು ಯಾರ ಸಲುವಾಗಿ ಬಂತು ಅಂತ ಕೇಳಿದರ ಅರ್ಧ ಮಂದಿ ಸುಮ್ಮನ ಕೂಡತಾರ. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ. ಈ ನಾಲ್ಕು ಮಂದಿಯನ್ನು 1931ನೇ ಇಸವಿ ಜನೇವರಿ 12ಕ್ಕ ಯರವಡಾ ಜೇಲಿನೊಳಗ ಗಲ್ಲಿಗೆ ಹಾಕಿದರು. ಸೊಲ್ಲಾಪುರದಾಗ ಅವರ ನಾಲ್ಕು ಪುತ್ಥಳಿ ಇವತ್ತಿಗೂ ನಿಂತಾವ.

ನಾನು ಹೊಲ ಮಾಡಿಕೊಂಡು ಹಾಡಿಕಿ ಹಾಡುವವ. ಇವರ ಹೆಸರು ಹಾಡಿನಾಗ ತಗೊಂಡಾಗ ಮಂದಿ ಚಪ್ಪಾಳಿ ಹೊಡೀತಾರ. ಆದರ ಹಾಡು ಮುಗಿದ ಮ್ಯಾಲ ಒಬ್ಬ ಶಾಣ್ಯಾ ಹುಡುಗ ಕೇಳಿದರ, "ಅಜ್ಜಾ, ಯಾವ ಕೋರ್ಟಿನಾಗ ಖಟ್ಲೆ ನಡೀತು? ಸಾಕ್ಷಿ ಯಾರು ಹೇಳಿದರು? ಅವರು ತಮ್ಮ ಬಾಯಿಲೆ ಏನು ಹೇಳಿದರು?" ಅಂತ, ಹಾಡಿನಾಗ ಅದರ ಉತ್ತರ ಇರೂದಿಲ್ಲ. ಹಾಡು ಎದಿ ತುಂಬಸತದ, ಆದರ ತಾರೀಖು, ಸಾಕ್ಷಿ, ಕಲಮು ಇವು ಕಾಗದದಾಗ ಇರತಾವ. ಆ ಕಾಗದ ಎಲ್ಲಿ ಇರತಾವ, ನಮ್ಮಂಥ ಸಾದಾ ಮಂದಿಗೆ ಹ್ಯಾಂಗ ಸಿಗತಾವ, ಸಿಕ್ಕ ಮ್ಯಾಲ ಹ್ಯಾಂಗ ಓದಬೇಕು, ಇಷ್ಟನ್ನು ಬರೆಯುವ ಸಲುವಾಗಿ ಈ ಲೇಖನ.

ಮೊದಲು 1930ರ ಕಥಿ ಸ್ವಲ್ಪ ಹೇಳತೀನಿ. ಆ ವರ್ಷ ಮೇ ತಿಂಗಳ ಮೊದಲ ವಾರದಾಗ ಉಪ್ಪಿನ ಸತ್ಯಾಗ್ರಹದ ಸಲುವಾಗಿ ಗಾಂಧೀಜಿಯವರನ್ನು ಹಿಡಿದರು. ಸೊಲ್ಲಾಪುರದ ಗಿರಣಿ ಕೆಲಸಗಾರರು ಕೆಲಸ ಬಿಟ್ಟು ರಸ್ತೆಗೆ ಬಂದರು. ಮೇ 8ಕ್ಕ ಪೊಲೀಸರ ಗುಂಡಿಗೆ ಶಂಕರ ಶಿವದಾರೆ ಅನ್ನೋ ತರುಣ ಬಿದ್ದ. ಅದರ ಮ್ಯಾಲ ಮಂದಿ ಸಿಟ್ಟಿಗೆದ್ದು ಶಿಂದಿ ಸರಾಯಿ ಅಂಗಡಿ, ಪೊಲೀಸ ಚೌಕಿ, ಕೋರ್ಟು ಇವುಗಳ ಮ್ಯಾಲ ಏರಿ ಹೋದರು, ಬೆಂಕಿ ಹಚ್ಚಿದರು. ಪೊಲೀಸರ ಕೊಲೆಯೂ ಆತು. ಕೆಲವು ದಿನ ಊರಾಗ ಸರಕಾರ ಅನ್ನೂದೇ ಇರಲಿಲ್ಲ. ಮೇ ತಿಂಗಳ ನಡುವಿಗೆ ಮಾರ್ಷಲ್ ಲಾ ಬಂತು, ಜೂನ ಆಖರಿತನಕ ಇತ್ತು. ಆ ಪೊಲೀಸರ ಕೊಲೆ ಆರೋಪದ ಮ್ಯಾಲನ ಈ ನಾಲ್ಕು ಮಂದಿಗೆ ಗಲ್ಲಾತು.

ಇಲ್ಲಿ ಒಂದು ಮಾತು ಗಮನಿಸ್ರಿ. ಕೋರ್ಟಿಗೇ ಬೆಂಕಿ ಬಿದ್ದರ ಅಲ್ಲಿಯ ದಫ್ತರ ಏನಾಗತದ? ನಮ್ಮ ಜಿಲ್ಲಾದ ಹಳೆ ಕಾಗದ ಹುಡುಕುವವ ಈ ವಿಚಾರ ಮೊದಲೇ ತಲಿಯಾಗ ಇಟ್ಟುಕೊಳ್ಳಬೇಕು. ಒಂದು ಖಟ್ಲೆಯ ಕಾಗದ ಒಂದೇ ಜಾಗಾದಾಗ ಇರೂದಿಲ್ಲ. ಪೊಲೀಸ ಠಾಣ್ಯಾದಾಗ ಒಂದು ತುಣುಕು, ಕೋರ್ಟಿನಾಗ ಒಂದು, ಜೇಲಿನಾಗ ಒಂದು, ಸರಕಾರದ ಗೃಹ ಖಾತೆಯಾಗ ಒಂದು. ಒಂದು ಕಡೆ ಸುಟ್ಟರ ಇನ್ನೊಂದು ಕಡೆ ಉಳದಿರತದ.

ಗಲ್ಲಿನ ಖಟ್ಲೆಗಂತೂ ಇದು ಮುದ್ದಾಂ ಲಾಗೂ. 1898ರ ಫೌಜದಾರಿ ಕಾಯದೆ ಪ್ರಕಾರ ಸೆಶನ್ಸ್ ಜಡ್ಜ ಗಲ್ಲು ಅಂತ ಬರೆದರ ಸಾಲದು, ಹೈಕೋರ್ಟ ಅದಕ್ಕ ಒಪ್ಪಿಗಿ ಕೊಡಬೇಕಾಗಿತ್ತು. ಇವತ್ತಿಗೂ ಹಾಂಗೇ ಅದ. ಅಂದರ ಗಲ್ಲಿನ ಕಾಗದ ಮುಂಬೈಗೆ ಹೋಗಲೇಬೇಕು. ಹೈಕೋರ್ಟಿನ ಮಹತ್ವದ ನಿಕಾಲುಗಳನ್ನು ಛಾಪಿಸುವ ಪುಸ್ತಕಗಳೂ ಅದಾವ. ಅದರಾಗ ಬಾಂಬೆ ಲಾ ರಿಪೋರ್ಟರ ಅನ್ನೂದು ಹಳೇದು. ವಕೀಲರ ಲಾಯಬ್ರರಿಯೊಳಗ ಇಂಥವು ಸಾಲಾಗಿ ಇಟ್ಟಿರತಾರ. ಗುರ್ತಿನ ವಕೀಲರನ್ನು ಕೇಳಿಕೊಂಡರ ಇಸವಿ ಹಿಡಿದು ನೋಡಬಹುದು. ಮಾರ್ಷಲ್ ಲಾ ಕಾಲದ ಗುಪ್ತ ವರದಿ, ಹುಕುಮು, ತಾರು ಇಂಥವು ಮುಂಬೈ ಸರಕಾರದ ಗೃಹ ಖಾತೆಯ ಫೈಲುಗಳಾಗ ಸಿಗತಾವ. ಅವನ್ನು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಾಗಿನ ರಾಜ್ಯ ಪುರಾಭಿಲೇಖಾಗಾರದಾಗ ಜೋಪಾನ ಮಾಡ್ಯಾರ. ಪುಣೆಯಾಗ ಪೇಶವೆ ದಫ್ತರ ಅದ. ಗುರ್ತಿನ ಚೀಟಿ ತಗೊಂಡು ಹೋಗಿ, ಏನು ಅಭ್ಯಾಸ ಮಾಡತೀನಿ ಅಂತ ಅರ್ಜಿ ಬರೆದು ಕೊಟ್ಟು, ಅಲ್ಲೇ ಕೂತು ಓದಬೇಕು. ಕಾಗದ ಮನಿಗೆ ಒಯ್ಯಾಕ ಕೊಡೂದಿಲ್ಲ.

ಇನ್ನ ನಮ್ಮ ಊರ ಕಡೆ ಬರೋಣ. ಹಳೆ ಖಟ್ಲೆ ಹುಡುಕುವಾಗ ಮೊದಲ ಪ್ರಶ್ನೆ ಯಾವ ಕೋರ್ಟು ಅನ್ನೂದಲ್ಲ. ಆ ತಾರೀಖಿಗೆ ಆ ಹಳ್ಳಿ ಯಾರ ರಾಜ್ಯದಾಗ ಇತ್ತು, ಅದು ಮೊದಲ ಪ್ರಶ್ನೆ. ಸೊಲ್ಲಾಪುರ ಪಟ್ಟಣ ಇಂಗ್ರೇಜರ ಮುಂಬೈ ಇಲಾಖೆಯಾಗಿತ್ತು. ಅಕ್ಕಲಕೋಟ 1948ರ ತನಕ ಭೋಸಲೆ ರಾಜರ ಸಂಸ್ಥಾನ. ಆಚೆ ಕಡೆ ನಳದುರ್ಗ, ಆಳಂದ ಇವೆಲ್ಲ ನಿಜಾಮನ ಹೈದರಾಬಾದು. ಇವತ್ತು ಎತ್ತಿನ ಬಂಡಿ ಹೋಗಿ ಸಂಜಿಗೆ ತಿರುಗಿ ಬರುವಷ್ಟು ಜಾಗಾದಾಗ ಮೂರು ಸರಕಾರ, ಮೂರು ನಮೂನಿ ಕಚೇರಿ. ಒಂದು ಊರಾಗ ಎತ್ತು ಕದ್ದವ ಹಳ್ಳ ದಾಟಿ ಇನ್ನೊಂದು ರಾಜ್ಯಕ್ಕ ಹೋದರ ಹಿಡಿಯುವ ಪೊಲೀಸರೇ ಬ್ಯಾರೆ. ಅದಕ್ಕ 1940ರ ಖಟ್ಲೆ ಒಂದನ್ನು ಸೊಲ್ಲಾಪುರ ಕೋರ್ಟಿನಾಗ ಕೇಳಿ "ಇಲ್ಲ" ಅಂದರು ಅಂತ ಕೈ ಬಿಡಬ್ಯಾಡ್ರಿ. ಅದು ಸಂಸ್ಥಾನದ ದಫ್ತರದಾಗ ಇರಬಹುದು, ನಿಜಾಮನ ಕಡೆಯದಾದರ ಉರ್ದುವಿನಾಗ ಇರಬಹುದು.

ಕರ್ನಾಟಕದ ಈಸೂರಿನ ಉದಾಹರಣೆಯೂ ಇಂಥದ. 1942ರಾಗ ಶಿವಮೊಗ್ಗ ಜಿಲ್ಲಾದ ಆ ಹಳ್ಳಿ ಸ್ವತಂತ್ರ ಅಂತ ಸಾರಿಕೊಂಡಿತು. ಗದ್ದಲದಾಗ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಾಗ ಐದು ಮಂದಿಗೆ ಗಲ್ಲಾತು. ಅದು ಮೈಸೂರು ಸಂಸ್ಥಾನದ ಕೋರ್ಟಿನ ಖಟ್ಲೆ. ಹುಡುಕುವವ ಬೆಂಗಳೂರಿನ ಕರ್ನಾಟಕ ಪತ್ರಾಗಾರದ ಕಡೆ ಹೋಗಬೇಕು, ಮುಂಬೈಗಲ್ಲ. ಹೋರಾಟ ಒಂದೇ, ದಫ್ತರ ಬ್ಯಾರೆ.

ಈಗ ಸ್ವಾತಂತ್ರ್ಯ ಬಂದ ಮ್ಯಾಲಿನ ಖಟ್ಲೆಗಳ ಮಾತು. ನಮಗ ಹತ್ತಿರದ ಕೋರ್ಟು ಅಕ್ಕಲಕೋಟದಾಗ ಅದ, ದೊಡ್ಡ ಖಟ್ಲೆ ಸೊಲ್ಲಾಪುರದ ಜಿಲ್ಲಾ ಮತ್ತು ಸೆಶನ್ಸ್ ಕೋರ್ಟಿಗೆ ಹೋಗತಾವ. ನಿಕಾಲ ಆದ ಮ್ಯಾಲ ಕಾಗದ ರೆಕಾರ್ಡ ರೂಮಿಗೆ ಸೇರತಾವ. ನಕಲ ಬೇಕಾದರ ಕೋರ್ಟಿನ ನಕಲ ವಿಭಾಗದಾಗ ಅರ್ಜಿ ಹಾಕಬೇಕು. ಅರ್ಜಿಯೊಳಗ ಖಟ್ಲೆ ನಂಬರ, ಇಸವಿ, ಫಿರ್ಯಾದಿ ಮತ್ತು ಆರೋಪಿ ಹೆಸರು, ಯಾವ ಕಾಗದ ಬೇಕು ಇಷ್ಟು ಬರೀಬೇಕು, ಕೋರ್ಟ ಫೀ ಸ್ಟಾಂಪು ಹಚ್ಚಬೇಕು. ಖಟ್ಲೆಯೊಳಗಿನವರಿಗೆ ನಕಲ ಸಹಜ ಸಿಗತದ. ಹೊರಗಿನವ ಆದರ ಯಾಕ ಬೇಕು ಅನ್ನೂದನ್ನು ತಿಳಿಸಿ ಕೋರ್ಟಿನ ಪರವಾನಗಿ ತಗೋಬೇಕು. ಊರಿನ ಇತಿಹಾಸ ಬರೆಯುವುದಕ್ಕ ಅಂದರ ಹಾಂಗೇ ಸ್ವಚ್ಛ ಬರೀರಿ, ಸುಳ್ಳ ಕಾರಣ ಬ್ಯಾಡ.

ಕೆಲವರು "ಮಾಹಿತಿ ಹಕ್ಕಿನಾಗ ಅರ್ಜಿ ಒಗೀರಿ, ಬರತದ" ಅಂತಾರ. ಪೊಲೀಸ ಖಾತೆ, ತಹಶೀಲ ಇವುಗಳಿಗೆ ಅದು ಸರಿ. ಆದರ ಕೋರ್ಟಿನ ಖಟ್ಲೆ ಕಾಗದಕ್ಕ ಕೋರ್ಟಿನ ನಿಯಮದ ಪ್ರಕಾರನ ಅರ್ಜಿ ಹಾಕಬೇಕು ಅಂತ ಸುಪ್ರೀಂ ಕೋರ್ಟು 2020ರಾಗ ಹೇಳ್ಯದ.

ಹೊಸ ಖಟ್ಲೆ ಆದರ ಮೊಬೈಲಿನಾಗ ಇ-ಕೋರ್ಟ್ಸ ಅನ್ನೂ ಸರಕಾರಿ ಸೋಯ ಅದ. ಹೆಸರು ಹಾಕಿದರೂ ಖಟ್ಲೆ ಕಾಣತದ. ಪ್ರತಿ ಖಟ್ಲೆಗೆ 16 ಅಕ್ಷರ-ಅಂಕಿಯ ಒಂದು ಸಿ.ಎನ್.ಆರ್. ನಂಬರ ಇರತದ. ಅದು ಗೊತ್ತಿದ್ದರ ಮುಂದಿನ ತಾರೀಖು, ನಿಕಾಲ ಎಲ್ಲ ಕೂತಲ್ಲೇ ತಿಳೀತದ. ಪೊಲೀಸರ ಎಫ್.ಐ.ಆರ್. ಕೂಡ 24 ತಾಸಿನೊಳಗ ಪೊಲೀಸ ಖಾತೆಯ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಾಗ ಸುಪ್ರೀಂ ಕೋರ್ಟಿನ ಹುಕುಮ ಆಗ್ಯದ. ನಾಜೂಕ ಖಟ್ಲೆ ಅಷ್ಟ ಬಿಟ್ಟು.

ಒಂದು ಕಲಮಿನ ಗುಟ್ಟು ಹೇಳತೀನಿ. 1860ರ ದಂಡ ಸಂಹಿತೆಯಾಗ ಕೊಲೆಗೆ ಕಲಮ 302. ನಮ್ಮ ಹಳ್ಳಿಯಾಗ "302 ಆಗ್ಯದ" ಅಂದರ ಸಾಲಿ ಕಲಿಯದವನಿಗೂ ತಿಳೀತದ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆಗೆ ಈಗ ಕಲಮ 103. ನಾಳೆ ನಮ್ಮ ಮೊಮ್ಮಕ್ಕಳು ಹಳೆ ಕಾಗದ ತೆಗೆದಾಗ 302 ನೋಡಿ ಗಲಿಬಿಲಿ ಆಗಬಾರದು.

ಕಾಗದ ಯಾಕ ಬೇಕು, ಹಳೇದು ಹೋಗಲಿ ಬಿಡು ಅನ್ನುವವರಿಗೆ ಪಿಂಚಣಿಯ ಮಾತು ಹೇಳಬೇಕು. 1972ರಾಗ ಭಾರತ ಸರಕಾರ ಸ್ವಾತಂತ್ರ್ಯ ಸೈನಿಕರಿಗೆ ಪಿಂಚಣಿ ಚಾಲೂ ಮಾಡಿತು, 1980ರಾಗ ಅದನ್ನು ಹಿಗ್ಗಿಸಿತು. ಜೇಲಿಗೆ ಹೋದೆ ಅಂದರ ಸಾಲದು, ಕನಿಷ್ಠ 6 ತಿಂಗಳ ಶಿಕ್ಷೆ ಭೋಗಿಸಿದ ದಾಖಲೆ ಬೇಕು. ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ 3 ತಿಂಗಳು. ಕೋರ್ಟಿನ ಅಥವಾ ಜೇಲಿನ ಕಾಗದ ಸಿಗದವರು, ದಾಖಲೆ ಉಳಿದಿಲ್ಲ ಅನ್ನೂ ಸರ್ಟಿಫಿಕೇಟು ಮತ್ತು ಜೋಡಿ ಜೇಲಿನಾಗ ಇದ್ದವರ ಸಾಕ್ಷಿ ತರಬೇಕು. ಸಾಲಿ ಕಾಣದ ರೈತ, ಗಿರಣಿ ಹಮಾಲ ಇದನ್ನೆಲ್ಲ ಎಲ್ಲಿಂದ ತರಬೇಕು? ಲಾಠಿ ತಿಂದ ಮೈ ಸಾಕ್ಷಿ ಹೇಳಲಿಲ್ಲ, ಕಾಗದ ಹೇಳಿತು. ಕಾಗದ ಇಲ್ಲದವನ ಮನಿಯಾಗ ಅಜ್ಜನ ಹೆಸರು ಬರೇ ಮಾತಾಗಿ ಉಳೀತು. ಒಬ್ಬನ ತಿಂಗಳದ ಅನ್ನ ಒಂದು ಹಾಳಿ ಮ್ಯಾಲ ನಿಲ್ಲತದ ಅಂದರ ಆ ಹಾಳಿ ಸಣ್ಣ ವಸ್ತು ಅಲ್ಲ.

ಇನ್ನ ಓದುವ ರೀತಿ. ಹಳೆ ಮರಾಠಿ ಕಾಗದ ಬಹುತೇಕ ಮೋಡಿ ಲಿಪಿಯಾಗ ಇರತಾವ. ಮೋಡಿ ಬಲ್ಲವರು ಈಗ ಊರಿಗೊಬ್ಬರೂ ಇಲ್ಲ. ಕಲಿಸುವ ವರ್ಗ ಅಲ್ಲಲ್ಲಿ ನಡೀತಾವ, ನಮ್ಮ ಹುಡುಗರು ಕಲೀಬೇಕು. ಎರಡನೇದು ಹೆಸರಿನ ಪಂಚಾಯತಿ. ನಾವು ಕನ್ನಡದಾಗ ಆಡುವ ಹೆಸರನ್ನು ಕಾರಕೂನ ಮರಾಠಿಯಾಗ ಬರೆದ, ಸಾಹೇಬ ಇಂಗ್ಲಿಷಿನಾಗ ಬರೆದ. ಒಬ್ಬನೇ ಮನುಷ್ಯಾ ಮೂರು ಕಾಗದದಾಗ ಮೂರು ನಮೂನಿ ಕಾಣತಾನ. ಒಂದು ಕಡೆ ಅಪ್ಪನ ಹೆಸರು ನಡುವ ಇರತದ, ಒಂದು ಕಡೆ ಊರ ಹೆಸರೇ ಅಡ್ಡಹೆಸರು ಆಗಿರತದ. ಅದಕ್ಕ ಹೆಸರೊಂದನ್ನೇ ಹಿಡಿದು ಹುಡುಕಬ್ಯಾಡ್ರಿ, ಊರು ಮತ್ತು ತಾರೀಖು ಜೋಡಿ ಹಿಡೀರಿ.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಕೋರ್ಟಿನ ಕಾಗದ ಅಂದರ ದೇವರ ವಾಕ್ಯ ಅಲ್ಲ. ಮಲ್ಲಪ್ಪ ಧನಶೆಟ್ಟಿಯವರು ಆ ಕಾಗದದಾಗ ಕೊಲೆ ಆರೋಪಿ, ನಮ್ಮ ಹಾಡಿನಾಗ ಹುತಾತ್ಮ. ಬರೆದ ಕೈ ಯಾರದು ಅನ್ನೂದನ್ನು ನೋಡಿ ಓದಬೇಕು. ಸೊಲ್ಲಾಪುರದ ಸೆಟಲಮೆಂಟಿನ ಕಥಿ ಕೇಳ್ರಿ. 1871ರ ಕಾಯದೆ ಒಂದರಿಂದ ಇಂಗ್ರೇಜರು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಗುನ್ಹೇಗಾರರು ಅಂತ ಬರೆದರು. ಅಂಥ ಮನೆತನಗಳನ್ನು ಸೊಲ್ಲಾಪುರದ ಸೆಟಲಮೆಂಟಿನಾಗ ಇಟ್ಟು ಹಾಜರಿ ತಗೋತಿದ್ದರು. ತೊಟ್ಟಿಲ ಕೂಸಿಗೂ ಅದೇ ಹಣೆಪಟ್ಟಿ. 1952ರ ಆಗಸ್ಟ 31ಕ್ಕ ಆ ಕಾಯದೆ ಹೋತು, ಅವರು ವಿಮುಕ್ತರಾದರು. ಆ ಕಾಲದ ಪೊಲೀಸ ಕಾಗದದಾಗ "ಗುನ್ಹೇಗಾರ ಜಾತಿಯವ" ಅಂತ ಬರೆದದ್ದನ್ನು ಇವತ್ತು ಓದಿ ಖರೇ ಅಂದರ, ಸತ್ತವರಿಗೆ ಎರಡನೇ ಸಲ ಬೇಡಿ ಹಾಕಿದಾಂಗ.

ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರ ತನಕದ ಖಟ್ಲೆಗಳ ವರದಿ ಈಗ ಯಾರು ಬೇಕಾದರೂ ಪುಕ್ಕಟ ಓದುವಾಂಗ ಮಾಡ್ಯಾರ. ಅಲ್ಲಿ ಕೈವಸ್ತ್ರ ಕದ್ದ ಬಡವನ ಮಾತೂ ಉಳದದ. ನಮ್ಮನ್ನು ಆಳಿದವರು ತಮ್ಮ ಊರಿನ ಕಳ್ಳನ ಮಾತನ್ನೂ ಜತನ ಮಾಡ್ಯಾರ. ನಮ್ಮ ಹುತಾತ್ಮರ ಖಟ್ಲೆಯ ಮಾತು ನಮ್ಮ ಹಳ್ಳಿಯ ವಾಚನಾಲಯದಾಗ ಒಂದು ಹಾಳಿಯೂ ಇಲ್ಲ.

ಕೋರ್ಟಿನಾಗ ಎಲ್ಲ ಕಾಗದ ಚಿರಕಾಲ ಇಡೂದಿಲ್ಲ. 1917ರ ಒಂದು ಕಾಯದೆ ಪ್ರಕಾರ ಕಾಲ ಮೀರಿದ ಕಾಗದ ನಾಶ ಮಾಡುವ ಪದ್ಧತಿ ಅದ. ಅದಕ್ಕ ತಡ ಮಾಡಬ್ಯಾಡ್ರಿ. ಮನಿಯ ಹಳೆ ಪೆಟ್ಟಿಗಿಯಾಗ ಜೇಲಿನ ಚೀಟಿ, ಸಮನ್ಸು, ನಿಕಾಲದ ನಕಲ ಇದ್ದರ ಉದಿನಕಡ್ಡಿ ಸುತ್ತಾಕ, ಹಪ್ಪಳ ಒಣಗಿಸಾಕ ಬಳಸಬ್ಯಾಡ್ರಿ. ಒಂದು ಝೆರಾಕ್ಸ ಮಾಡಿಸಿ ವಾಚನಾಲಯಕ್ಕ ಕೊಡ್ರಿ. ಬದುಕಿರುವವರ ಖಟ್ಲೆ ಮಾತ್ರ ಬೀದಿಗೆ ತರಬಾರದು. ನಿರ್ದೋಷಿ ಅಂತ ಬಿಟ್ಟವನ ಹೆಸರು, ಅತ್ಯಾಚಾರಕ್ಕ ಸಿಕ್ಕ ಹೆಣ್ಣುಮಗಳ ಹೆಸರು, ಸಣ್ಣ ಹುಡುಗರ ಹೆಸರು ಇವನ್ನು ಬಾಯಿಗೂ ತರಬಾರದು. ಹೆಣ್ಣುಮಗಳ ಹೆಸರು ಛಾಪಿಸೂದು ಕಾಯದೆಯಾಗೂ ಗುನ್ಹೆ ಅದ.

ಓದು ಬಲ್ಲ ಹುಡುಗರಿಗೆ ನಂದೊಂದು ಕೇಳಿಕಿ ಅದ. ಒಬ್ಬಿಬ್ಬರು ಮನಸ್ಸು ಮಾಡಿ ಮುಂಬೈಗೆ ಹೋಗಿ 1930ರ ಸೊಲ್ಲಾಪುರದ ಫೈಲು ತೆಗೆಸಿ ಓದಿ ಬರ್ರಿ. ಗಾಡಿ ಖರ್ಚಿಗೆ ಊರು ಪಟ್ಟಿ ಹಾಕತದ. ನೀವು ತಂದ ತಾರೀಖು, ನೀವು ತಂದ ಸಾಕ್ಷಿಯ ಮಾತು ನನ್ನ ಹಾಡಿಗೆ ಸೇರಸತೀನಿ. ಹಾಡಿನಾಗ ತಪ್ಪು ಇದ್ದರ ಕಾಗದ ತಿದ್ದಲಿ, ಕಾಗದದಾಗ ಅನ್ಯಾಯ ಇದ್ದರ ಹಾಡು ಹೇಳಲಿ.