ಬಾಕ್ ಡಾಂಗ್ ನದಿಯ ಕಂಬಗಳು



ಇತಿಹಾಸವೆಂದರೆ ಸಾಮ್ರಾಜ್ಯಗಳ ಕಥೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸಾಮ್ರಾಜ್ಯವೊಂದು ಪುಟ್ಟ ನಾಡಿನೆದುರು ಸೋತು ಹಿಂದಿರುಗಿದ ಪ್ರಸಂಗವೊಂದನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಹದಿಮೂರನೆಯ ಶತಮಾನದಲ್ಲಿ ಇಂದಿನ ವಿಯೆಟ್ನಾಮಿನ ಉತ್ತರ ಭಾಗಕ್ಕೆ ದಾಯ್ ವಿಯೆಟ್ ಎಂಬ ಹೆಸರಿತ್ತು. ಮಂಗೋಲರು 1258ರಲ್ಲಿಯೂ 1285ರಲ್ಲಿಯೂ ಅದರ ಮೇಲೆ ದಂಡೆತ್ತಿ ಬಂದು ವಿಫಲರಾದರು. ಚೀನವನ್ನು ಗೆದ್ದು ಆಳುತ್ತಿದ್ದ ಕುಬ್ಲಾಯ್ ಖಾನನು 1287ರಲ್ಲಿ ಮಗ ತೋಘಾನನ ನೇತೃತ್ವದಲ್ಲಿ ಮೂರನೆಯ ಬಾರಿ ಸೇನೆಯನ್ನು ಕಳುಹಿಸಿದನು.

ದಾಯ್ ವಿಯೆಟ್ಟಿನ ಮಹಾದಂಡನಾಯಕ ತ್ರಾನ್ ಹುಂಗ್ ದಾವೊ ರಾಜವಂಶದವನೇ. ಆದರೆ ಆ ಮನೆತನದಲ್ಲಿ ಆಳವಾದ ಗಾಯವೊಂದಿತ್ತು. ಅವನ ತಂದೆಯ ಪತ್ನಿಯೊಬ್ಬಳನ್ನು ಬಲವಂತವಾಗಿ ಅರಸನಾದ ತಮ್ಮನಿಗೆ ಕೊಡಲಾಗಿತ್ತು. ಸಿಂಹಾಸನವನ್ನು ಕಸಿದುಕೊಂಡು ಸೇಡು ತೀರಿಸಬೇಕೆಂದು ತಂದೆ ಸಾಯುವಾಗ ಮಗನಿಗೆ ಹೇಳಿದ್ದನು. ಮಗನು ಆ ಮಾತನ್ನು ನಡೆಸಲಿಲ್ಲ. ಮನಸ್ತಾಪವಿದ್ದ ಚಿಕ್ಕಪ್ಪನ ಮಗ ತ್ರಾನ್ ಕ್ವಾಂಗ್ ಖಾಯ್‌ನಿಗೆ ತಾನೇ ಸ್ನಾನ ಮಾಡಿಸಿ ವೈರವನ್ನು ತೊಳೆದನೆಂದು ಅಲ್ಲಿನ ಚರಿತ್ರೆ ಹೇಳುತ್ತದೆ.

ಮಂಗೋಲರು ರಾಜಧಾನಿ ಥಾಂಗ್ ಲಾಂಗನ್ನು, ಅಂದರೆ ಇಂದಿನ ಹನೋಯ್ ನಗರವನ್ನು ಹೊಕ್ಕಾಗ ಅದು ಬರಿದಾಗಿತ್ತು. ಅವರಿಗೆ ದವಸ ತರುತ್ತಿದ್ದ ಹಡಗುಗಳನ್ನು ವಾನ್ ದೋನ್ ಬಳಿ ತ್ರಾನ್ ಖಾನ್ ದು ಆಗಲೇ ನಾಶಪಡಿಸಿದ್ದನು. ಹಸಿವು, ಬಿಸಿಲು, ರೋಗಗಳಿಂದ ಕಂಗೆಟ್ಟ ಸೇನೆಗೆ ಹಿಂದಿರುಗದೆ ಗತ್ಯಂತರವಿರಲಿಲ್ಲ. ತೋಘಾನನು ನೆಲದ ದಾರಿ ಹಿಡಿದನು. ಓಮರನ ನೌಕಾಪಡೆ ಬಾಕ್ ಡಾಂಗ್ ನದಿಯತ್ತ ಸಾಗಿತು.

ಆ ನದಿಯ ತಳದಲ್ಲಿ ಹುಂಗ್ ದಾವೊ ಚೂಪಾದ ಮರದ ಕಂಬಗಳನ್ನು ನೆಡಿಸಿದ್ದನು. 938ರಲ್ಲಿ ಇದೇ ನದಿಯಲ್ಲಿ ನ್ಗೊ ಕ್ವೆನ್ ಇದೇ ಉಪಾಯದಿಂದ ಚೀನದ ದಕ್ಷಿಣ ಹಾನ್ ನೌಕಾಪಡೆಯನ್ನು ಸೋಲಿಸಿದ್ದನು. 1288ರ ಏಪ್ರಿಲಿನಲ್ಲಿ ಭರತದ ನೀರು ಕಂಬಗಳನ್ನು ಮರೆಮಾಡಿದ್ದಾಗ ಸಣ್ಣ ದೋಣಿಗಳು ಕಾದಾಡಿ, ಸೋತಂತೆ ನಟಿಸಿ ಓಡಿದವು. ಮಂಗೋಲರು ಬೆನ್ನಟ್ಟಿದರು. ಇಳಿತವಾದೊಡನೆ ದೊಡ್ಡ ಹಡಗುಗಳು ಕಂಬಗಳಿಗೆ ಸಿಲುಕಿದವು. ಅಡಗಿದ್ದ ಪಡೆಗಳು ಮೇಲೆರಗಿದವು, ಓಮರನು ಸೆರೆಸಿಕ್ಕನು.

ಗೆದ್ದವರು ಗರ್ವದಿಂದ ಬೀಗಲಿಲ್ಲ. ಖಾನನಿಗೆ ಕಪ್ಪಕಾಣಿಕೆ ಕಳುಹಿಸಿ ಅವನ ಮಾನವನ್ನು ಉಳಿಸಿದರು, ತಮ್ಮ ನಾಡನ್ನೂ ಉಳಿಸಿಕೊಂಡರು. 1294ರಲ್ಲಿ ಕುಬ್ಲಾಯ್ ತೀರಿಕೊಂಡ ಮೇಲೆ ಮತ್ತೊಂದು ದಂಡಯಾತ್ರೆಯ ಸಿದ್ಧತೆಯೂ ನಿಂತಿತು.

1300ರಲ್ಲಿ ಹುಂಗ್ ದಾವೊ ಮರಣಶಯ್ಯೆಯಲ್ಲಿದ್ದಾಗ, ಶತ್ರು ಮತ್ತೆ ಬಂದರೆ ಗತಿಯೇನೆಂದು ಅರಸನು ಕೇಳಿದನಂತೆ. ಅರಸನೂ ಪ್ರಜೆಗಳೂ ಒಂದೇ ಮನಸ್ಸಿನವರಾಗಿದ್ದುದರಿಂದ, ಅಣ್ಣತಮ್ಮಂದಿರು ಕೂಡಿದ್ದುದರಿಂದ ಗೆದ್ದೆವು. ಪ್ರಜೆಗಳ ಹೊರೆಯನ್ನು ಇಳಿಸಿ ನಾಡಿನ ಬೇರನ್ನು ಆಳಗೊಳಿಸುವುದೇ ಶ್ರೇಷ್ಠ ರಣನೀತಿ ಎಂಬುದು ಅವನ ಉತ್ತರದ ಸಾರ.

ಆ ಕಾಲದ ಕಂಬಗಳು ಯೆನ್ ಜಿಯಾಂಗಿನ ಕೆಸರಿನಲ್ಲಿ ದೊರೆತಿವೆ. ಮಕ್ಕಳಿಗೆ ಈ ಕಥೆ ಹೇಳುವಾಗ ಕಂಬಗಳ ಜೊತೆಗೆ ಆ ಸ್ನಾನದ ಪ್ರಸಂಗವನ್ನೂ ಮರೆಯದೆ ಹೇಳಬೇಕೆಂದು ನನ್ನ ವಿನಂತಿ. ಅದು ನಡೆಯದಿದ್ದರೆ ಕಂಬ ನೆಡುವ ಕೈಗಳು ಒಂದಾಗುತ್ತಿರಲಿಲ್ಲ.