ಇಲಿ, ಮೀನು, ಮಾಂಸಖಂಡ

ರಾತ್ರಿ ನಿದ್ದೆಯಲ್ಲಿ ಕಾಲು ಸೆಳೆದು ಎಚ್ಚರವಾದಾಗ ನಾವು ಹಿಡಿದುಕೊಳ್ಳುವುದು ಮೀನಖಂಡವನ್ನು. ನಡುವೆ ದಪ್ಪವಾಗಿ ಹಿಮ್ಮಡಿಯ ಕಡೆಗೆ ಸಣ್ಣಗಾಗುವ ಆ ಭಾಗದಲ್ಲಿ ಕನ್ನಡದ ಕಣ್ಣು ಮೀನನ್ನು ಕಂಡಿತು. ಗ್ರೀಕರು ಅಲ್ಲಿಯೇ ಹೊಟ್ಟೆಯನ್ನು ಕಂಡರು. ವೈದ್ಯರು ಇಂದಿಗೂ ಹೇಳುವ 'ಗ್ಯಾಸ್ಟ್ರಾಕ್ನೀಮಿಯಸ್' ಎಂದರೆ ಕಾಲಿನ ಹೊಟ್ಟೆ ಎಂದೇ ಅರ್ಥ. ಇನ್ನು 'ಮಸಲ್' ಎಂಬ ಪದದ ಮೂಲ ಲ್ಯಾಟಿನ್ನಿನ 'ಮಸ್ಕ್ಯುಲಸ್', ಅಂದರೆ ಪುಟ್ಟ ಇಲಿ! ತೋಳು ಮಡಿಸಿದಾಗ ಚರ್ಮದಡಿ ಸರಿದಾಡುವ ಉಬ್ಬು ಅವರಿಗೆ ಹಾಗೆ ಕಂಡಿರಬೇಕು.

ಆದರೆ ಒಂದೊಂದು ಮಾಂಸಖಂಡಕ್ಕೂ ಹೆಸರು ದೊರೆತದ್ದು ಬಹಳ ತಡವಾಗಿ. 1543ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾದ ವೆಸಾಲಿಯಸ್‌ನ ಅಂಗರಚನಾ ಗ್ರಂಥ ಚಿತ್ರಗಳಿಗೆ ಹೆಸರಾದದ್ದು. ಅದರಲ್ಲೂ ಹೆಚ್ಚಿನ ಮಾಂಸಖಂಡಗಳಿಗೆ ಇದ್ದದ್ದು ಸಂಖ್ಯೆ ಮಾತ್ರ: ಇಂಥ ಅಂಗವನ್ನು ಆಡಿಸುವ ಮೊದಲನೆಯದು, ಎರಡನೆಯದು, ಹೀಗೆ. ಒಬ್ಬ ಪಂಡಿತ ಒಂದೆಂದು ಎಣಿಸಿದ್ದನ್ನು ಮತ್ತೊಬ್ಬ ಎರಡೆಂದು ಎಣಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತಿತ್ತು. ಪ್ಯಾರಿಸ್ಸಿನ ಸಿಲ್ವಿಯಸ್ ಕೆಲವಕ್ಕೆ ಹೆಸರಿಟ್ಟ. ಆ ಕೆಲಸವನ್ನು ಕ್ರಮಬದ್ಧವಾಗಿ ವಿಸ್ತರಿಸಿದವನು ಬಾಸೆಲ್‌ನವನೇ ಆದ ಕಾಸ್ಪರ್ ಬಾಹಿನ್. ಸಸ್ಯಶಾಸ್ತ್ರಜ್ಞನೂ ಆಗಿದ್ದ ಈತ 1623ರಲ್ಲಿ ಸುಮಾರು 6,000 ಸಸ್ಯಗಳ ಹೆಸರುಗಳನ್ನು ಹೊಂದಿಸಿಕೊಟ್ಟವನು. ಗಿಡಗಳನ್ನು ವಿಂಗಡಿಸಿದ ಕೈಗೆ ಮಾಂಸಖಂಡಗಳೂ ಸಿಕ್ಕಿದ್ದು ನಮ್ಮ ಅದೃಷ್ಟ.

ಆಕಾರ, ಕೆಲಸ, ಇರುವ ಜಾಗ, ಹೀಗೆ ಕಂಡದ್ದೇ ಹೆಸರಾಯಿತು. ಭುಜದ ಮೇಲಿನ 'ಡೆಲ್ಟಾಯ್ಡ್' ಗ್ರೀಕರ ತ್ರಿಕೋನಾಕಾರದ ಡೆಲ್ಟಾ ಅಕ್ಷರದಂತಿದೆ. 'ಬೈಸೆಪ್ಸ್' ಎಂದರೆ ಎರಡು ತಲೆಯದು. ತೊಡೆಯನ್ನು ಓರೆಯಾಗಿ ದಾಟುವ 'ಸಾರ್ಟೋರಿಯಸ್' ದೇಹದಲ್ಲೇ ಅತಿ ಉದ್ದವಾದದ್ದು. ಅದು ದರ್ಜಿಯ ಮಾಂಸಖಂಡ. ದರ್ಜಿಗಳು ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುತ್ತಿದ್ದ ಕಾಲದ ನೆನಪು ಅದರಲ್ಲಿದೆ. ಕತ್ತಿನ 'ಸ್ಟರ್ನೊಕ್ಲೈಡೊಮಾಸ್ಟಾಯ್ಡ್' ನಾಲಿಗೆ ಹೊರಳದ ಹೆಸರೇನೋ ಹೌದು. ಆದರೆ ಅದು ಪೂರ್ತಿ ವಿಳಾಸ: ಎದೆಯ ಮೂಳೆ ಮತ್ತು ಕೊರಳ ಮೂಳೆಯಿಂದ ಹೊರಟು ಕಿವಿಯ ಹಿಂದಿನ ಉಬ್ಬಿಗೆ.

ಮುಂದೆ ಹೆಸರುಗಳೇ ಕಾಡುಬೆಳೆಯಾದವು. ದೇಹದ ಎಲ್ಲ ಭಾಗಗಳಿಗೂ ಸೇರಿ ಸುಮಾರು 50,000 ಹೆಸರುಗಳು ಬಳಕೆಯಲ್ಲಿದ್ದವು. 1895ರಲ್ಲಿ, ಮತ್ತೆ ಅದೇ ಬಾಸೆಲ್‌ನಲ್ಲಿ, ಜರ್ಮನ್ ಅಂಗರಚನಾ ತಜ್ಞರು ಸಭೆ ಸೇರಿ ಅವನ್ನು ಸುಮಾರು 5,000ಕ್ಕೆ ಇಳಿಸಿದರು.

ನಮ್ಮಲ್ಲಿಯ ಗೊಂದಲ ಬೇರೆ ಬಗೆಯದು. ಸುಶ್ರುತ ಸಂಹಿತೆ ಮಾಂಸಖಂಡವನ್ನು 'ಪೇಶಿ' ಎನ್ನುತ್ತದೆ, ಅವು 500. ಕೈಕಾಲುಗಳಲ್ಲಿ 400, ಮುಂಡದಲ್ಲಿ 66, ಕತ್ತು ಮತ್ತು ಅದರಿಂದ ಮೇಲೆ 34. ಅದರಲ್ಲಿ 'ಸ್ನಾಯು' ಬೇರೆಯೇ ವಸ್ತು: ಕೀಲುಗಳನ್ನು ಬಿಗಿದು ಕಟ್ಟುವ ನಾರಿನಂಥದು, ಅವು 900. ಕನ್ನಡದ ಪಠ್ಯಪುಸ್ತಕಗಳು ಆ ಪದವನ್ನೇ ತಂದು ಮಾಂಸಖಂಡಕ್ಕೆ ತೊಡಿಸಿದವು. ಹಾಗಾಗಿ ಕಟ್ಟುವ ನಾರಿಗೆ 'ಸ್ನಾಯುರಜ್ಜು', 'ಅಸ್ಥಿರಜ್ಜು' ಎಂದು ಹೊಸ ಹಗ್ಗಗಳನ್ನು ಹೊಸೆಯಬೇಕಾಯಿತು. ಇಂದಿನ ಅರ್ಥವನ್ನು ತಲೆಯಲ್ಲಿಟ್ಟುಕೊಂಡು ಸುಶ್ರುತನನ್ನು ಓದುವ ಹುಡುಗನಿಗೆ ಮನುಷ್ಯನ ಮೈಯಲ್ಲಿ 900 ಮಾಂಸಖಂಡಗಳು ಸಿಗುತ್ತವೆ. 'ಮಾಂಸಖಂಡ' ಎಂಬ ಮಾತು ಊರಿನ ಬಾಯಲ್ಲೇ ಇತ್ತಲ್ಲ, ಅದನ್ನೇ ಇಟ್ಟುಕೊಳ್ಳಬಹುದಿತ್ತು.